ಓದುಗರ ಪ್ರಶ್ನೆ: ಕಾಯಿಲೆ ಬಂದ ಮೇಲೆ ಹಳೇ ಗೆಳೆಯರ ಮುಂದೆ ಹೋಗೋದು ಹೇಗೆ?

ಈ ತಿಂಗಳು ಬಂದ ಕಾಗದಗಳಲ್ಲಿ ಹೆಚ್ಚಿನವು ಅರವತ್ತು ದಾಟಿದವರದು. ಬಿಪಿ, ಶುಗರ್, ಮಾತ್ರೆ ಬಗ್ಗೆ ಕೇಳಿರುತ್ತಾರೆ ಅಂತ ತೆರೆದರೆ ಪ್ರತಿಯೊಂದರಲ್ಲೂ ಒಬ್ಬ ಗೆಳೆಯನೋ ಗೆಳತಿಯೋ ಇದ್ದರು. ಅದಕ್ಕೇ ಐದು ಕಾಗದಗಳನ್ನು ಒಟ್ಟಿಗೆ ಇಟ್ಟು ಉತ್ತರ ಬರೆಯುತ್ತಿದ್ದೇನೆ. ಹಾಸನದಲ್ಲಿ 31 ವರ್ಷ ನರ್ಸ್ ಆಗಿದ್ದವಳು ನಾನು. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ನಾಲ್ಕು ತಿಂಗಳು ವಾಕರ್ ಹಿಡಿದು ಮನೆಯೊಳಗೇ ಓಡಾಡಿದೆ. ಹಾಗಾಗಿ ಮಂಚದ ಪಕ್ಕ ನಿಂತವಳ ಕಷ್ಟವೂ ಗೊತ್ತು, ಮಂಚದ ಮೇಲೆ ಇದ್ದವಳ ಕಷ್ಟವೂ ಗೊತ್ತು.

ಪ್ರಶ್ನೆ: ನನಗೆ 67 ವರ್ಷ, ರಿಟೈರ್ಡ್ ಮೇಷ್ಟ್ರು. ಸಕಲೇಶಪುರದಲ್ಲಿದ್ದೇನೆ. ಎಂಟು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಎರಡು ಸ್ಟೆಂಟ್ ಹಾಕಿದರು. ಈಗ ಚೆನ್ನಾಗಿದ್ದೀರಿ ಎಂದು ಡಾಕ್ಟರ್ ಹೇಳುತ್ತಾರೆ. ಹಾಸನದಲ್ಲಿ ನನ್ನ ಜೊತೆ ಎಸ್ಸೆಸ್ಸೆಲ್ಸಿ ಓದಿದವರು ವಾಟ್ಸಾಪ್ ಗ್ರೂಪ್ ಮಾಡಿದ್ದಾರೆ. ಹಾಸನಾಂಬೆ ಬಾಗಿಲು ತೆಗೆದಾಗ ಎಲ್ಲರೂ ಊರಿಗೆ ಬರುತ್ತಾರೆ, ಆಗಲೇ ಸೇರೋಣ ಎನ್ನುತ್ತಿದ್ದಾರೆ. ನಾನು ಸ್ಕೂಲ್ ಟೀಮಿನಲ್ಲಿ ಕಬಡ್ಡಿ ಆಡುತ್ತಿದ್ದವನು. ಈಗ ಹತ್ತು ಕೆಜಿ ಇಳಿದಿದ್ದೇನೆ, ಮೆಟ್ಟಿಲು ಕಂಡರೆ ಹೆದರಿಕೆ. ಗ್ರೂಪಿನಲ್ಲಿ ಇನ್ನೂ ಒಂದು ಮಾತೂ ಬರೆದಿಲ್ಲ. ಸುಧಾರಿಸಿಕೊಂಡು ಮುಂದಿನ ವರ್ಷ ಹೋದರೆ ಆಗುವುದಿಲ್ಲವೇ?

ಉತ್ತರ: ಈ ಸಲವೇ ಹೋಗಿ ಸರ್. ಆ ಕಬಡ್ಡಿ ಹುಡುಗ ವಾಪಸ್ ಬರಲಿ ಅಂತ ನೀವು ಕಾಯುತ್ತಿದ್ದೀರಿ ಅನಿಸುತ್ತದೆ. ಅವನು ಬರುವುದಿಲ್ಲ. ಆ ಕಡೆ ಕೂತಿರುವವರೂ ಎಲ್ಲ 67ರ ಆಸುಪಾಸಿನವರೇ, ಅವರಲ್ಲಿ ಎಷ್ಟು ಜನರ ಎದೆಯಲ್ಲಿ ಸ್ಟೆಂಟ್ ಇದೆಯೋ, ಎಷ್ಟು ಜನ ಶುಗರ್ ಮಾತ್ರೆ ನುಂಗಿ ಗ್ರೂಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಕಳಿಸುತ್ತಿದ್ದಾರೋ ನಿಮಗೆ ಗೊತ್ತಿಲ್ಲ. ನೀವು ಬಾಯಿ ಬಿಟ್ಟರೆ ಅವರೂ ಬಿಡುತ್ತಾರೆ. ಇವತ್ತೇ ಇಷ್ಟು ಬರೆಯಿರಿ: "ಎಂಟು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಯ್ತು, ಎರಡು ಸ್ಟೆಂಟ್ ಹಾಕಿದ್ದಾರೆ. ಈಗ ಓಡಾಡುತ್ತಿದ್ದೇನೆ. ಬರುತ್ತೇನೆ, ಕೆಳಗಿನ ಮಹಡಿಯಲ್ಲಿ ಊಟ ಇಟ್ಟರೆ ಉಪಕಾರ." ಮುಂಚೆಯೇ ಹೇಳಿಬಿಟ್ಟರೆ ಅಲ್ಲಿ ಹೋದ ಮೇಲೆ ನಲವತ್ತು ಜನಕ್ಕೆ ನಲವತ್ತು ಸಲ ಹೇಳುವ ಕೆಲಸ ತಪ್ಪುತ್ತದೆ, ಮಾತು ಬೇಗ ಹಳೇ ಮೇಷ್ಟ್ರುಗಳ ಕಡೆಗೆ ತಿರುಗುತ್ತದೆ.

ಈಗ ಆರೋಗ್ಯದ ವಿಷಯ. ಹೊರಡುವ ಮುಂಚೆ ಡಾಕ್ಟರನ್ನು ಒಂದು ಸಲ ಕೇಳಿ. ಎರಡು ಮಹಡಿ ಮೆಟ್ಟಿಲು ನಿಧಾನವಾಗಿ ಹತ್ತಿದರೆ ಎದೆ ನೋವು ಅಥವಾ ವಿಪರೀತ ಏದುಸಿರು ಬರುತ್ತದಾ ಅಂತ ಅವರು ಕೇಳಬಹುದು. ಅದಿಲ್ಲ ಅಂದರೆ ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್ ಬಸ್ಸಿನಲ್ಲೋ ರೈಲಿನಲ್ಲೋ ಕೂತು ಬರುವುದು ದೊಡ್ಡ ವಿಷಯವಲ್ಲ. ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಿರಲಿ ಅಂತ ಸಾಮಾನ್ಯವಾಗಿ ಎರಡು ಮಾತ್ರೆ ಕೊಟ್ಟಿರುತ್ತಾರೆ, ಅಟ್ಯಾಕ್ ಆದವರಿಗೆ ಹೆಚ್ಚಾಗಿ ಒಂದು ವರ್ಷದವರೆಗೆ. ಊಟದ ಗಲಾಟೆಯಲ್ಲಿ ಅದನ್ನು ಮರೆಯಬೇಡಿ. ಯಾರೋ ಗೆಳೆಯ "ನಾನು ಬಿಟ್ಟುಬಿಟ್ಟೆ, ಏನೂ ಆಗಿಲ್ಲ" ಅಂದರೆ ಕೇಳಲೇಬೇಡಿ. ನಾಲಿಗೆ ಕೆಳಗೆ ಇಡುವ ಮಾತ್ರೆ ಬರೆದುಕೊಟ್ಟಿದ್ದರೆ ಅದು ಅಂಗಿ ಜೇಬಿನಲ್ಲಿರಲಿ. ಅದನ್ನು ಕೂತುಕೊಂಡೇ ಇಟ್ಟುಕೊಳ್ಳಬೇಕು, ಬಿಪಿ ಇಳಿಯುವುದರಿಂದ ನಿಂತಿದ್ದರೆ ತಲೆ ಸುತ್ತಿ ಬೀಳುತ್ತೀರಿ. ಐದು ನಿಮಿಷದಲ್ಲಿ ನೋವು ಹೋಗದಿದ್ದರೆ 108ಕ್ಕೆ ಫೋನ್. ಇನ್ನು ದೇವಸ್ಥಾನದ ಸಾಲು. ವರ್ಷಕ್ಕೆ ಒಮ್ಮೆ ಕೆಲವೇ ದಿನ ತೆಗೆಯುವ ಬಾಗಿಲು, ಸಾಲು ಗಂಟೆಗಟ್ಟಲೆ ನಿಂತಿರುತ್ತದೆ. ಈ ಸಲ ಗೆಳೆಯರು ನಿಲ್ಲಲಿ. ನೀವು ಮಹಾರಾಜಾ ಪಾರ್ಕಿನ ಬೆಂಚಿನ ಮೇಲೆ ಕೂತಿರಿ, ಪ್ರಸಾದ ಅಲ್ಲಿಗೇ ಬರುತ್ತದೆ.

ಒಂದು ಮಾತು ನಿಮ್ಮ ಕಾಗದದ ಸಾಲುಗಳ ನಡುವೆ ಕಂಡಿತು. ಹಾರ್ಟ್ ಅಟ್ಯಾಕ್ ಆದ ಮೇಲೆ ಮನಸ್ಸು ಕುಗ್ಗುವುದು ತುಂಬಾ ಸಾಮಾನ್ಯ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಸರಿಯಿಲ್ಲ, ಊಟ ರುಚಿಸುವುದಿಲ್ಲ, ಯಾವುದೂ ಬೇಡ ಅನಿಸುತ್ತಿದೆ ಎಂದರೆ ಅದನ್ನೂ ಡಾಕ್ಟರಿಗೆ ಹೇಳಿ. ತೂಕ ಹತ್ತು ಕೆಜಿ ಇಳಿದದ್ದನ್ನೂ ಹೇಳಿ, ಅದಕ್ಕೆ ಕಾರಣ ನೋಡಬೇಕು. ಮಾತಾಡಲು ಸಂಕೋಚವಾದರೆ ಸರ್ಕಾರದ ಟೆಲಿ ಮಾನಸ್ ನಂಬರ್ 14416 ಇದೆ, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನನಗೆ 71. ಅರಸೀಕೆರೆ. ಹಳೇ ಗೆಳೆಯರು ಫೋನ್ ಮಾಡಿದರೆ ಅವರ ಮಾತು ಅರ್ಧ ಕೇಳಿಸುವುದಿಲ್ಲ. ಅವರು ನಕ್ಕಾಗ ನಾನೂ ನಗುತ್ತೇನೆ. ಈಗೀಗ ಫೋನ್ ಎತ್ತುವುದನ್ನೇ ಬಿಟ್ಟಿದ್ದೇನೆ.

ಉತ್ತರ: ಮೊದಲು ಕಿವಿ ತೋರಿಸಿ. ಕೆಲವು ಸಲ ಬರೀ ಗುಗ್ಗೆ ತುಂಬಿರುತ್ತದೆ, ತೆಗೆದರೆ ಸರಿಹೋಗುತ್ತದೆ. ವಯಸ್ಸಿನಿಂದ ಬಂದ ಕಿವುಡಾದರೆ ಮೊದಲು ಹೋಗುವುದು ಸಣ್ಣ ದನಿಯ ಅಕ್ಷರಗಳು, ಸ, ಶ ಇಂಥವು. ಅದಕ್ಕೇ ಯಾರೋ ಮಾತಾಡುತ್ತಿರುವುದು ಕೇಳಿಸುತ್ತದೆ, ಏನು ಹೇಳಿದರು ಅಂತ ಗೊತ್ತಾಗುವುದಿಲ್ಲ. ಕೂಗಿದರೂ ಪ್ರಯೋಜನ ಇಲ್ಲ. ಶ್ರವಣ ಸಾಧನ ಹಾಕಿಸಿಕೊಳ್ಳಿ, ಮೊದಲ ಕೆಲವು ವಾರ ತಟ್ಟೆ ಲೋಟದ ಸದ್ದೆಲ್ಲ ಜೋರಾಗಿ ಕಿರಿಕಿರಿ ಆಗುತ್ತದೆ, ತೆಗೆದು ಡಬ್ಬಿಗೆ ಹಾಕಿಬಿಡಬೇಡಿ, ದಿನಾ ಸ್ವಲ್ಪ ಸ್ವಲ್ಪ ಹೊತ್ತು ಜಾಸ್ತಿ ಮಾಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಅಲ್ಲಿ ಪರೀಕ್ಷೆ ಮಾಡಿ ಸರಿಯಾದದ್ದನ್ನು ಹೇಳುತ್ತಾರೆ. ಅಲ್ಲಿಯವರೆಗೆ ಗೆಳೆಯರಿಗೆ ನಿಜ ಹೇಳಿ: "ಕಿವಿ ಮಂದ ಆಗಿದೆ ಕಣೋ, ವೀಡಿಯೋ ಕಾಲ್ ಮಾಡು, ಮುಖ ಕಂಡರೆ ಗೊತ್ತಾಗುತ್ತೆ." ಕೇಳಿಸದೆ ನಕ್ಕು ಸುಮ್ನೆ ಆಗಬೇಡಿ. ಫೋನ್ ಎತ್ತದೇ ಇದ್ದರೆ ಅವರು ನಿಮಗೆ ಕೋಪ ಬಂದಿದೆ ಅಂದುಕೊಳ್ಳುತ್ತಾರೆ.

ಪ್ರಶ್ನೆ: ನಾನು ಚಿಕ್ಕಮಗಳೂರಿನವಳು, 64 ವರ್ಷ. ಕಾಲೇಜಿನಲ್ಲಿ ಮೂರು ವರ್ಷ ಒಂದೇ ಹಾಸ್ಟೆಲ್ ರೂಮಿನಲ್ಲಿದ್ದ ಗೆಳತಿ ಮದುವೆಯಾಗಿ ದೂರ ಹೋದವಳು, ಮೂವತ್ತು ವರ್ಷದ ಮೇಲೆ ಈಗ ಕಡೂರಿಗೆ ಬಂದು ಮಗನ ಮನೆಯಲ್ಲಿದ್ದಾಳೆ. ಅವಳಿಗೆ ಲಕ್ವ ಹೊಡೆದಿದೆ, ಬಲಗೈ ಬಲಗಾಲು ಸ್ವಾಧೀನ ಇಲ್ಲ, ಮಾತು ಬರುವುದಿಲ್ಲ. ಒಂದು ಸಲ ನೋಡಲು ಹೋಗಿದ್ದೆ. "ಅದು... ಅದು..." ಎಂದಳು, ಮುಂದಕ್ಕೆ ಹೋಗಲಿಲ್ಲ, ಜೋರಾಗಿ ಅತ್ತುಬಿಟ್ಟಳು. ನನಗೂ ತಡೆಯಲಾಗಲಿಲ್ಲ. ನಾಲ್ಕು ತಿಂಗಳಾಯಿತು, ಮತ್ತೆ ಹೋಗಿಲ್ಲ. ನಾನು ಹೋದರೆ ಅವಳಿಗೆ ಹಿಂಸೆ ಅಲ್ವಾ?

ಉತ್ತರ: ನೀವು ಅತ್ತಿದ್ದರಲ್ಲಿ ತಪ್ಪೇನೂ ಇಲ್ಲ. ನಾಲ್ಕು ತಿಂಗಳು ಹೋಗದೇ ಇದ್ದದ್ದು ಸರಿಯಲ್ಲ, ಅದನ್ನು ನೇರವಾಗಿ ಹೇಳಿಬಿಡುತ್ತೇನೆ. ಅವರು ನೆನಪು ಕಳೆದುಕೊಂಡಿಲ್ಲ. ಬಂದಳು, ಅತ್ತಳು, ಮತ್ತೆ ಬರಲಿಲ್ಲ ಅಂತ ದಿನ ಎಣಿಸುತ್ತಿರಬಹುದು, ಕೇಳೋಣ ಅಂದರೆ ಬಾಯಿಗೆ ಮಾತು ಸಿಗುತ್ತಿಲ್ಲ.

ನಡೆದದ್ದು ಏನು ಅಂತ ಮೊದಲು ತಿಳಿದುಕೊಳ್ಳಿ. ಹೆಚ್ಚಿನವರಿಗೆ ಮಾತಿನ ಜಾಗ ಮೆದುಳಿನ ಎಡಭಾಗದಲ್ಲಿ ಇರುತ್ತದೆ. ಮೈಯ ಬಲಭಾಗವನ್ನು ನಡೆಸುವುದೂ ಅದೇ ಎಡಭಾಗ. ಅಲ್ಲಿ ರಕ್ತ ನಿಂತರೆ ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋಗಬಹುದು. ಮಾತು ಹೋಗುವುದಕ್ಕೆ ಡಾಕ್ಟರುಗಳು ಅಫೇಸಿಯಾ ಎನ್ನುತ್ತಾರೆ, ಲಕ್ವ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಆಗುತ್ತದೆ. ಬುದ್ಧಿ ಹೋಗಿರುವುದಿಲ್ಲ. ಹೇಳಬೇಕಾದ್ದು ಒಳಗೆ ಇದೆ, ಅದರ ಹೆಸರು ಸಿಗುತ್ತಿಲ್ಲ. ನಮಗೂ ಒಮ್ಮೊಮ್ಮೆ ಯಾರದೋ ಹೆಸರು ನಾಲಿಗೆ ತುದಿಯಲ್ಲಿ ನಿಂತು ಹೊರಗೆ ಬರುವುದಿಲ್ಲ ನೋಡಿ, ಅವರಿಗೆ ಎಲ್ಲ ಪದವೂ ಹಾಗೇ.

ಇನ್ನು ಆ ಅಳು. ಲಕ್ವ ಆದ ಕೆಲವರಲ್ಲಿ ಅಳು, ನಗು ಎರಡರ ಹಿಡಿತವೂ ಸಡಿಲ ಆಗುತ್ತದೆ. ಪರಿಚಿತ ಮುಖ ಕಂಡ ಸಂತೋಷಕ್ಕೂ ಜೋರು ಅಳು ಬಂದುಬಿಡುತ್ತದೆ, ನಿಲ್ಲಿಸಲು ಅವರಿಗೇ ಆಗುವುದಿಲ್ಲ. ನಾನು ವಾರ್ಡಿನಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ, ನೆಂಟರು ಹೆದರಿ ಎದ್ದು ಹೋಗುತ್ತಿದ್ದರು, ಪೇಷೆಂಟು ಬಾಗಿಲ ಕಡೆ ನೋಡುತ್ತ ಮಲಗಿರುತ್ತಿದ್ದರು. ನಿಮ್ಮ ಗೆಳತಿ ನಿಮ್ಮನ್ನು ಕಂಡು ಖುಷಿಗೇ ಅತ್ತಿರಬಹುದು. ಮುಂದಿನ ಸಲ ಅತ್ತರೆ ಕೈ ಹಿಡಿದು ಸುಮ್ಮನೆ ಕೂತಿರಿ, ಎರಡು ನಿಮಿಷದಲ್ಲಿ ಇಳಿಯುತ್ತದೆ. ಆಮೇಲೆ ಬೇರೆ ಮಾತು ತೆಗೆಯಿರಿ. ಆದರೆ ದಿನವಿಡೀ ಮಂಕಾಗಿ ಇರುತ್ತಾರೆ, ಊಟ ಬಿಟ್ಟಿದ್ದಾರೆ ಎಂದರೆ ಅದು ಬೇರೆ, ಮಗನಿಗೆ ಹೇಳಿ ಡಾಕ್ಟರಿಗೆ ತೋರಿಸಬೇಕು.

ಬೆಳಿಗ್ಗೆ ಹೋಗಿ. ಲಕ್ವದ ಸುಸ್ತು ಎಂಥದ್ದು ಅಂದರೆ ಸ್ನಾನ ಮಾಡಿದ್ದಕ್ಕೇ ಅರ್ಧ ದಿನದ ಶಕ್ತಿ ಖಾಲಿ. ಅರ್ಧ ಗಂಟೆ ಸಾಕು. ಟಿವಿ ಆಫ್ ಮಾಡಿಸಿ, ಎದುರಿಗೆ ಕೂತು, ಒಂದು ಸಲಕ್ಕೆ ಒಂದೇ ವಿಷಯ ಮಾತಾಡಿ. "ಹೇಗಿದ್ದೀಯ, ಏನು ಮಾಡ್ತೀಯ, ಮಗ ಎಲ್ಲಿ, ಊಟ ಆಯ್ತಾ" ಅಂತ ಒಟ್ಟಿಗೆ ಸುರಿದರೆ ಅವರು ಮೊದಲನೆಯದಕ್ಕೆ ಪದ ಹುಡುಕುತ್ತಿರುವಾಗಲೇ ನೀವು ನಾಲ್ಕನೆಯದಕ್ಕೆ ಹೋಗಿರುತ್ತೀರಿ. ಹೌದು, ಇಲ್ಲ ಎನ್ನಬಹುದಾದ ಪ್ರಶ್ನೆ ಕೇಳಿ. ಕೇಳಿ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಮಗುವಿನ ಜೊತೆ ಮಾತಾಡುವ ಹಾಗೆ ರಾಗ ಎಳೆಯಬೇಡಿ, ಕೂಗಲೂ ಬೇಡಿ, ಅವರಿಗೆ ಕಿವಿ ಕೇಳಿಸುತ್ತದೆ. ಅರ್ಥ ಆಗದಿದ್ದರೆ ಆದ ಹಾಗೆ ತಲೆ ಆಡಿಸಬೇಡಿ. "ನನಗೆ ಗೊತ್ತಾಗಲಿಲ್ಲ, ಇನ್ನೊಂದು ಸಲ ನೋಡೋಣ" ಎನ್ನಿ.

ಹಾಸ್ಟೆಲಿನ ಫೋಟೋ ಇದ್ದರೆ ತೆಗೆದುಕೊಂಡು ಹೋಗಿ. ಬೆರಳಿಟ್ಟು ತೋರಿಸಲು ಎಡಗೈ ಇದೆಯಲ್ಲ. ನೀವಿಬ್ಬರೂ ಸೇರಿ ಹಾಡುತ್ತಿದ್ದ ಹಾಡು, ಭಜನೆ, ಸ್ಕೂಲಿನ ಪ್ರಾರ್ಥನೆ ಏನಾದರೂ ಇದ್ದರೆ ಮೆಲ್ಲಗೆ ಶುರು ಮಾಡಿ. ಒಂದು ಪದ ಹೇಳಲಾಗದವರು ಬಾಯಿಪಾಠದ ಹಾಡಿನ ಇಡೀ ಸಾಲು ಹಾಡಿಬಿಡುವುದುಂಟು. ವಾರದ ದಿನಗಳು, ಒಂದರಿಂದ ಹತ್ತು ಎಣಿಸುವುದು, ಇವೂ ಹಾಗೇ ಸಲೀಸಾಗಿ ಬರಬಹುದು. ಮೊದಲ ಸಲ ಇದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಎಲ್ಲರಿಗೂ ಬರುತ್ತದೆ ಅಂತಲ್ಲ, ಆದರೆ ಹಾಡಿ ನೋಡಿ.

ಒಂದು ಎಚ್ಚರಿಕೆ, ನಮ್ಮ ಕಾಫಿ ಸೀಮೆಯವರಿಗೇ ಹೇಳಬೇಕಾದದ್ದು. ಹೋದ ತಕ್ಷಣ ಕಾಫಿ ಬರುತ್ತದೆ, "ಅವಳಿಗೂ ಒಂದು ಗುಟುಕು ಕೊಡಿ" ಎನ್ನುತ್ತೇವೆ. ಲಕ್ವ ಆದ ಕೆಲವರಿಗೆ ನುಂಗುವುದೂ ಕಷ್ಟ ಆಗಿರುತ್ತದೆ, ಅವರಿಗೆ ನೀರು, ಕಾಫಿಯಂಥ ತೆಳ್ಳಗಿನದ್ದೇ ಜಾಸ್ತಿ ಅಪಾಯ, ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ನೀವು ತಂದ ಕೋಡುಬಳೆಯೂ ಅಷ್ಟೇ. ಏನು ಕೊಡಬಹುದು ಅಂತ ಮನೆಯವರನ್ನು ಕೇಳಿಯೇ ಕೊಡಿ.

ನನ್ನ ಸೊಂಟ ಮುರಿದಾಗ ಬಹಳ ಜನ ಬಂದರು. ಹೇಗಾಯ್ತು, ಯಾರು ಆಪರೇಷನ್ ಮಾಡಿದ್ದು, ಎಷ್ಟು ಖರ್ಚು, ಇದೇ. ಬೇಲೂರಿನಿಂದ ಒಬ್ಬಳು ಹಳೇ ಸಹೋದ್ಯೋಗಿ ಬರುತ್ತಿದ್ದಳು, ಬರುವಾಗ ಸಂತೆಯಿಂದ ಅವರೆಕಾಯಿ ತರುತ್ತಿದ್ದಳು, ಮಂಚದ ಪಕ್ಕ ಪೇಪರ್ ಹಾಸಿ ಸುಲಿಯುತ್ತ ಕೂರುತ್ತಿದ್ದಳು. ನಾನೂ ಸುಲಿಯುತ್ತಿದ್ದೆ. ಒಂದೊಂದು ದಿನ ಹತ್ತು ಮಾತೂ ಆಡಿರಲಿಲ್ಲ. ನಾನು ಕಾದು ಕೂರುತ್ತಿದ್ದದ್ದು ಅವಳಿಗೆ. ನೀವೂ ಕಡೂರಿಗೆ ಅವರೆಕಾಯಿ ತೆಗೆದುಕೊಂಡು ಹೋಗಿ. ನೀವು ಸಿಪ್ಪೆ ಬಿಡಿಸಿಕೊಟ್ಟರೆ ಅವರು ಎಡಗೈಯಲ್ಲಿ ಕಾಳು ಬೇರೆ ಮಾಡಬಹುದು.

ಮಾತಿನ ತರಬೇತಿ ಕೊಡಿಸುತ್ತಿದ್ದಾರಾ ಅಂತ ಮಗನನ್ನು ಕೇಳಿ. ಮೇಲೆ ಹೇಳಿದ ಮೈಸೂರಿನ ಸಂಸ್ಥೆಯಲ್ಲಿ ಇದಕ್ಕೂ ಜನ ಇದ್ದಾರೆ. ಸುಧಾರಣೆ ಮೊದಲ ಕೆಲವು ತಿಂಗಳು ಬೇಗ, ಆಮೇಲೆ ನಿಧಾನ, ಆದರೆ ವರ್ಷಗಳ ಮೇಲೂ ಹೊಸ ಪದ ಬಂದವರಿದ್ದಾರೆ. ಈಗ ಚಿಕ್ಕಮಗಳೂರಿನಿಂದ ಕಡೂರಿಗೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲ. ಪ್ರತಿ ಗುರುವಾರ ಅಂತ ಒಂದು ದಿನ ಗೊತ್ತು ಮಾಡಿಕೊಳ್ಳಿ. ದಿನ ಗೊತ್ತಿದ್ದರೆ ಅವರು ಬುಧವಾರದಿಂದಲೇ ಎದುರು ನೋಡುತ್ತಾರೆ.

ಪ್ರಶ್ನೆ: ನಾನು ಹಾಸನದಲ್ಲಿದ್ದೇನೆ, ವಯಸ್ಸು 66. ಕಿಡ್ನಿ ಫೇಲಾಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಮ್ಮದು ಗೊರೂರು ಡ್ಯಾಮಿನಲ್ಲಿ ಮುಳುಗಿದ ಊರು. ಜೊತೆಯಲ್ಲಿ ದನ ಕಾಯುತ್ತಿದ್ದ ಗೆಳೆಯನ ಮನೆಯವರು ಬೇರೆ ಕಡೆ ಜಮೀನು ಸಿಕ್ಕಿ ಹೋದರು, ಆಮೇಲೆ ನೋಡೇ ಇಲ್ಲ. ಮೆಷಿನ್ ಪಕ್ಕ ನಾಲ್ಕು ಗಂಟೆ ಮಲಗಿರುವಾಗ ಅವನದೇ ನೆನಪು. ಹೇಗೆ ಹುಡುಕಲಿ?

ಉತ್ತರ: ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಅಂದರೆ ನಿಮ್ಮ ಊರು ಕಣ್ಮರೆಯಾಗಿ ನಲವತ್ತೈದು ವರ್ಷದ ಮೇಲಾಯಿತು. ಆದರೂ ಸಿಗುತ್ತಾರೆ, ಯಾಕೆಂದರೆ ಮುಳುಗಡೆ ಊರಿನ ಜನ ಎಲ್ಲಿ ಹೋದರೂ ಗ್ರಾಮದೇವತೆಯನ್ನು ಬಿಟ್ಟು ಹೋಗಿರುವುದಿಲ್ಲ. ನಿಮ್ಮ ಊರಿನ ದೇವರನ್ನು ಈಗ ಎಲ್ಲಿ ಇಟ್ಟಿದ್ದಾರೆ, ಜಾತ್ರೆ ಯಾವಾಗ, ವಿಚಾರಿಸಿ. ಚದುರಿದ ಮನೆಗಳ ಒಬ್ಬಿಬ್ಬರಾದರೂ ಆ ದಿನ ಬರುತ್ತಾರೆ, ಅವರಿಗೆ ಗೆಳೆಯನ ಹೆಸರು, ಅವರಪ್ಪನ ಹೆಸರು, ಮನೆತನದ ಅಡ್ಡಹೆಸರು ಹೇಳಿ. ಅಡ್ಡಹೆಸರು ಮುಖ್ಯ, ನಮ್ಮ ಕಡೆ ಮನುಷ್ಯರನ್ನು ಹುಡುಕುವುದು ಅದರಿಂದಲೇ. ನೀವೇ ಹೋಗಲಾಗದಿದ್ದರೆ ಮಗನನ್ನೋ ಅಳಿಯನನ್ನೋ ಕಳಿಸಿ. ಮದುವೆಯಾಗಿ ಬೇರೆ ಊರಿಗೆ ಹೋದ ಆ ಮನೆಯ ಹೆಣ್ಣುಮಕ್ಕಳನ್ನು ಹುಡುಕುವುದು ಇನ್ನೂ ಸುಲಭ, ಅವರಿಗೆ ಎಲ್ಲರ ಸುದ್ದಿ ಇರುತ್ತದೆ. ಯಾವ ಊರು ಅಂತ ಒಂದು ಸುಳಿವು ಸಿಕ್ಕರೆ ಆ ಊರಿನ ಮತದಾರರ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಇದೆ, ತಂದೆಯ ಹೆಸರಿನ ಸಮೇತ, ಮೊಮ್ಮಕ್ಕಳು ನೋಡಿ ಹೇಳುತ್ತಾರೆ.

ಸಿಕ್ಕಿದ ಮೇಲೆ ಡಯಾಲಿಸಿಸ್ ಮಾರನೇ ದಿನ ಭೇಟಿ ಇಟ್ಟುಕೊಳ್ಳಿ, ಮಾಡಿದ ದಿನವೇ ಬೇಡ, ಅವತ್ತು ಸುಸ್ತು ಜಾಸ್ತಿ. ಅವರ ಮನೆಗೆ ಹೋದರೆ ಖಂಡಿತ ಎಳನೀರು ಕೆತ್ತಿ ಕೊಡುತ್ತಾರೆ, ಬಾಳೆಹಣ್ಣು ಇಡುತ್ತಾರೆ. ಎರಡರಲ್ಲೂ ಪೊಟ್ಯಾಷಿಯಂ ಜಾಸ್ತಿ. ಕೆಲಸ ಮಾಡದ ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ, ರಕ್ತದಲ್ಲಿ ಏರಿದರೆ ಹೃದಯ ನಿಲ್ಲುವ ಅಪಾಯ ಇದೆ. ಇದು ಬಾಯಿಮಾತಿನ ಪಥ್ಯ ಅಲ್ಲ. ಉಪ್ಪಿನಕಾಯಿ ಬೇಡ, ನೀರಿನ ಲೆಕ್ಕ ಎಂದಿನಂತೆ. ಡಯಾಲಿಸಿಸ್ ಸೂಜಿ ಚುಚ್ಚುವ ಫಿಸ್ಟುಲಾ ಇರುವ ಕೈ ಹಿಡಿದು ಎಳೆದಾಡದಿರಲಿ, ಇನ್ನೊಂದು ಕೈ ಕೊಡಿ. ಇದನ್ನೆಲ್ಲ ಫೋನಿನಲ್ಲೇ ಹೇಳಿಬಿಡಿ, ಅಲ್ಲಿ ಹೋಗಿ ಬೇಡ ಎಂದರೆ ಅವರಿಗೆ ಬೇಜಾರು.

ಬೇಸಿಗೆಯಲ್ಲಿ ನೀರು ಇಳಿದಾಗ ಶೆಟ್ಟಿಹಳ್ಳಿಯ ಹಳೇ ಚರ್ಚು ಪೂರ್ತಿ ಕಾಣುತ್ತದೆ, ಹತ್ತಿರದವರೆಗೂ ಕಾರು ಹೋಗುತ್ತದೆ. ನಿಮ್ಮ ಊರಿನ ಗೋಡೆಗಳು ಕಾಣದೇ ಇರಬಹುದು, ಆದರೆ ಮುಳುಗಿದ್ದು ಇದೇ ನೀರಿನಲ್ಲಿ ಅಲ್ವಾ. ಇಬ್ಬರೂ ಒಂದು ಸಂಜೆ ಅಲ್ಲಿ ಕಾರು ನಿಲ್ಲಿಸಿಕೊಂಡು ಕೂತು ಬನ್ನಿ. ನಿಮ್ಮ ದನಗಳ ಹೆಸರೆಲ್ಲ ಅವರಿಗೂ ನೆನಪಿರುತ್ತದೆ.

ಪ್ರಶ್ನೆ: ಚನ್ನರಾಯಪಟ್ಟಣ, 62 ವರ್ಷ. ಸ್ತನದ ಕ್ಯಾನ್ಸರ್ ಆಗಿ ಆಪರೇಷನ್, ಕೀಮೋ ಮುಗಿದಿದೆ. 1994ರಲ್ಲಿ ಚೀಟಿ ದುಡ್ಡಿನ ವಿಷಯದಲ್ಲಿ ಆಪ್ತ ಗೆಳತಿಯ ಜೊತೆ ಜಗಳವಾಗಿ ಮಾತು ಬಿಟ್ಟೆವು. ತಪ್ಪು ಅವಳದೇ. ಅವಳು ಮೂಡಿಗೆರೆ ಕಡೆ ಎಸ್ಟೇಟಿನಲ್ಲಿದ್ದಾಳೆ. ಮಾತಾಡಬೇಕು ಅನಿಸುತ್ತಿದೆ. ಕಾಯಿಲೆ ಬಂತು ಅಂತ ಮಾತಾಡಿಸಿದಳು ಅಂದುಕೊಂಡರೆ?

ಉತ್ತರ: ಅಂದುಕೊಳ್ಳಲಿ. ಕಾಯಿಲೆ ಬಂದದ್ದರಿಂದಲೇ ನೆನಪಾಯಿತು, ಅದು ನಿಜ ತಾನೇ? ನಿಜ ಬರೆಯಲು ನಾಚಿಕೆ ಯಾಕೆ. ಫೋನ್ ಬೇಡ. ಮೂವತ್ತು ವರ್ಷದ ಮೇಲೆ ಥಟ್ಟನೆ ದನಿ ಕೇಳಿದರೆ ಇಬ್ಬರಿಗೂ ಗಂಟಲು ಕಟ್ಟುತ್ತದೆ, ಇಲ್ಲವೇ ಬೇಡದ ಮಾತು ಬಂದುಬಿಡುತ್ತದೆ. ಕಾಗದ ಬರೆಯಿರಿ. ಚೀಟಿ ವಿಷಯ, ತಪ್ಪು ಯಾರದ್ದು ಅನ್ನೋದು, ಒಂದಕ್ಷರವೂ ಬೇಡ. ಹೀಗೆ ಸಾಕು:

"ನನಗೆ ಕ್ಯಾನ್ಸರ್ ಆಗಿತ್ತು. ಟ್ರೀಟ್‌ಮೆಂಟ್ ಮುಗಿದಿದೆ, ಕೂದಲು ಮತ್ತೆ ಬರುತ್ತಿದೆ. ದುಡ್ಡು ಕೇಳಲು ಬರೆಯುತ್ತಿಲ್ಲ. ನಿನ್ನ ನೆನಪಾಗುತ್ತದೆ. ನಿನ್ನ ಆರೋಗ್ಯ ಹೇಗಿದೆ? ಮನಸ್ಸಾದರೆ ಬರೆ, ಕೆಳಗೆ ಫೋನ್ ನಂಬರ್ ಇದೆ, ಸಂಜೆ ಆರರ ಮೇಲೆ ನಾನೇ ಎತ್ತುತ್ತೇನೆ."

ಪೋಸ್ಟ್ ಮಾಡಿದ ಮೇಲೆ ಒಂದು ವಾರಕ್ಕೇ ಆಸೆ ಬಿಡಬೇಡಿ. ಈ ಮಳೆಯಲ್ಲಿ ಆ ಕಡೆ ಎಸ್ಟೇಟಿಗೆ ಟಪಾಲು ತಲುಪುವುದೇ ತಡ, ಅವರು ಅದನ್ನು ನಾಲ್ಕು ಸಲ ಓದಿ, ಉತ್ತರಕ್ಕೆ ಪೆನ್ನು ಹಿಡಿಯುವುದು ಇನ್ನೂ ತಡ.